ಶ್ರಾವಣ ಕಳೆಯಲಿ ಎಂದೆ

ಕಾದ ಕಬ್ಬಿಣಕ್ಕೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ತುಕ್ಕು, ಸುಟ್ಟ ಕಟ್ಟಿಗೆ, ಹಸಿ ಮಣ್ಣು ಮೂರೂ ಕೂಡಿದಂಥ ವಾಸನೆ. ಮೂವತ್ತು ವರ್ಷ ಅದನ್ನೇ ಉಸಿರಾಡಿದವನು ನಾನು. ಕೆಲಸ ಬಿಟ್ಟ ಮೇಲೆ ಅದು ಮೂಗಿನಿಂದ ಹೋಗಿಯೇ ಬಿಟ್ಟಿತ್ತು. ಹೋದ ತಿಂಗಳು ತಾರಿಹಾಳದಲ್ಲಿ ಮತ್ತೆ ಬಂತು.

ಅಲ್ಲಿ ನನ್ನ ಮಗ ಟ್ರ್ಯಾಕ್ಟರಿಗೆ ಹಚ್ಚುವ ಟ್ರೇಲರುಗಳನ್ನು ಮಾಡುತ್ತಾನೆ. ಹೊಸ ಟ್ರೇಲರೊಂದು ಹೊರಗೆ ಹೋಗುವ ದಿನ ಪೂಜೆಗೆ ನನ್ನನ್ನೂ ಕರೆದೊಯ್ದಿದ್ದ. ಖುರ್ಚಿ ಹಾಕಿ ಕೂರಿಸಿದ್ದರು. ಬೆನ್ನ ಹಿಂದೆ ಯಾರೋ ಕೆಲಸಗಾರ ಕಾದ ಪಟ್ಟಿಯೊಂದನ್ನು ನೀರಿನ ಡ್ರಮ್ಮಿಗೆ ಅದ್ದಿದ. ಚೊಂಯ್ ಎಂದಿತು. ಆ ಸದ್ದಿಗೆ ನಾನು ಎದ್ದು ನಿಂತುಬಿಟ್ಟೆ. ನನ್ನ ಎರಡೂ ಮೊಣಕಾಲು ಹೋಗಿವೆ, ಏಳಬೇಕಾದರೆ ಯಾರಾದರೂ ಕೈ ಕೊಡಬೇಕು. ಅವತ್ತು ಯಾರೂ ಕೊಟ್ಟಿರಲಿಲ್ಲ.

"ಯಾಕ ಎದ್ರಿ ಅಪ್ಪಾರ? ಕುಂದರ್ರಿ, ಕುಂದರ್ರಿ. ಇಲ್ಲೇನ ಕೆಲಸ ಐತಿ ನಿಮಗ?" ಎಂದು ಮಗ ನಕ್ಕು ಭುಜ ಹಿಡಿದು ಕೂರಿಸಿದ.

ಟ್ರೇಲರಿನ ಮುಂದೆ ಕಾಯಿ ಒಡೆದರು. ನನ್ನ ಅಂಗೈಗೂ ಒಂದು ಹೋಳು ಬಂತು. ಅದನ್ನು ಹಿಡಿದುಕೊಂಡು ಕೂತವನಿಗೆ ಸರದಾರ ನೆನಪಾದ. ಅವನ ಕೊನೆಯ ಶ್ರಾವಣ ನೆನಪಾಯಿತು.

ಸರದಾರ ನನ್ನ ನಾಯಿ. ಸಾವಿರದ ಒಂಬೈನೂರಾ ಅರವತ್ತರ ಆಚೀಚಿನ ಮಾತು ಇದು. ಧಾರವಾಡದ ಹೆಬ್ಬಳ್ಳಿ ಅಗಸಿಯ ಹತ್ತಿರ ನನ್ನ ಕುಲುಮೆ ಇತ್ತು. ನಾಲ್ಕನೆಯ ಇಯತ್ತೆ ಮುಗಿಯುವ ಮೊದಲೇ ಸಾಲಿ ಬಿಟ್ಟು ಅಪ್ಪನ ಪಕ್ಕ ತಿದಿ ಒತ್ತಲು ಕೂತವನು ನಾನು. ಅಕ್ಷರದಲ್ಲಿ ಹಿಂದೆ ಬಿದ್ದೆನೆಂಬ ಚುಚ್ಚು ಒಳಗೆ ಇತ್ತೋ ಏನೋ, ಕೈಕೆಲಸದಲ್ಲಿ ಯಾರಿಗೂ ತಲೆ ಬಾಗಿಸುತ್ತಿರಲಿಲ್ಲ. ಅದರಲ್ಲೂ ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ ಏರಿಸುವುದರಲ್ಲಿ. ಟಾಯರಿನ ಗಾಡಿಗಳು ಆಗಿನ್ನೂ ಒಂದೊಂದೇ ಕಾಣಿಸುತ್ತಿದ್ದವು. ಸುತ್ತಲಿನ ಹಳ್ಳಿಗಳ ಚಕ್ಕಡಿಗಳೆಲ್ಲ ನಮ್ಮಂಥವರ ಬಾಗಿಲಿಗೇ ಬರಬೇಕಿತ್ತು. 

ಹಳಿ ಏರಿಸುವ ಕೆಲಸವೆಲ್ಲ ಹದದ ಮೇಲೆ ನಿಂತದ್ದು. ಗಾಲಿಗಿಂತ ತುಸು ಸಣ್ಣದಾದ ಕಬ್ಬಿಣದ ಬಳೆಯನ್ನು ನೆಲಕ್ಕೆ ಮಲಗಿಸಿ, ಸುತ್ತ ಕುಳ್ಳು ಒಟ್ಟಿ ಬೆಂಕಿ ಹಚ್ಚಬೇಕು. ಕಾದು ಹಿಗ್ಗಿದಾಗ ನಾಲ್ಕು ಜನ ಇಕ್ಕಳದಿಂದ ಎತ್ತಿ ಗಾಲಿಗೆ ತೊಡಿಸಬೇಕು. ಬೇಗ ಎತ್ತಿದರೆ ಕೂರುವುದಿಲ್ಲ. ತಡ ಮಾಡಿದರೆ ಕಟ್ಟಿಗೆ ಸುಟ್ಟು ಕರಿಯಾಗುತ್ತದೆ. ಕೂತ ಕೂಡಲೇ ಕೊಡಗಟ್ಟಲೆ ನೀರು ಸುರಿಯಬೇಕು, ಚೊಂಯ್ ಎಂದು ಹಬೆ ಎದ್ದು ಹಳಿ ಬಿಗಿದು ಗಾಲಿಯ ಕೀಲೆಲ್ಲ ಕಟಕಟ ಎನ್ನಬೇಕು. "ಎತ್ತ್ರಿ" ಎನ್ನುವ ಮಾತು ನನ್ನದು. ನಾನು ಹೇಳಿದ ಗಳಿಗೆ ಒಂದು ದಿನವೂ ತಪ್ಪಲಿಲ್ಲ. ಇದನ್ನು ಬಡಾಯಿ ಎಂದುಕೊಂಡರೂ ಸರಿ, ಸುಳ್ಳಂತೂ ಅಲ್ಲ.

ಹಳಿ ಕೂತ ಮೇಲೆ ಗಾಡಿಯ ಯಜಮಾನ ಗಾಲಿಯ ಮುಂದೆ ಕಾಯಿ ಒಡೆದು ಕೆಲಸ ಮಾಡಿದವರಿಗೆಲ್ಲ ಒಂದೊಂದು ಹೋಳು ಕೊಡುವುದು ನಮ್ಮ ಕಡೆಯ ಪದ್ಧತಿ. ಸರದಾರ ಮರಿಯಾಗಿ ಎಲ್ಲಿಂದಲೋ ನಮ್ಮ ಅಂಗಳಕ್ಕೆ ಬಂದದ್ದು ಅಂಥದೇ ಒಂದು ಹೊತ್ತಿನಲ್ಲಿ. ಹಬೆಗೆ ಹೆದರಿ ಓಡುವ ಬದಲು ಗಾಲಿಯ ಹತ್ತಿರ ಬಂದು ಎದೆ ಸೆಟೆಸಿ ಕೂತ. ಅವನ ಗತ್ತು ನೋಡಿ, ನನಗೆ ಗಾಲಿ ಮಾಡಿಕೊಡುತ್ತಿದ್ದ ಬಡಿಗೇರ ವೀರಭದ್ರಣ್ಣ, "ಸರದಾರ್ರು ಬಂದಾರ್ರೆಪಾ, ಅವರ ಪಾಲು ಕೊಡ್ರಿ" ಎಂದ. ಹೆಸರು ನಿಂತಿತು. ಪಾಲೂ ನಿಂತಿತು. ಅಂದಿನಿಂದ ಚೊಂಯ್ ಎಂದು ಸದ್ದಾದರೆ ಸಾಕು, ಎಲ್ಲಿದ್ದರೂ ಬಂದು ಗಾಲಿಯ ಬಳಿ ನಿಂತು ಒಂದೇ ಒಂದು ಸಲ ಬೊಗಳುತ್ತಿದ್ದ. ಆ ಬೊಗಳು ಕೇಳುವ ತನಕ ಹಳಿ ಕೂತಿಲ್ಲವೆಂದು ರೈತರು ತಮಾಷೆ ಮಾಡುತ್ತಿದ್ದರು. ಹದಿಮೂರು ವರ್ಷ ಅವನು ಆ ಹಾಜರಿ ತಪ್ಪಿಸಲಿಲ್ಲ. ಹಗಲು ಕುಲುಮೆಯ ಬೂದಿಯ ಹತ್ತಿರ, ರಾತ್ರಿ ಕಬ್ಬಿಣದ ರಾಶಿಯ ಮೇಲೆ. ನನ್ನ ಕುಲುಮೆಯಿಂದ ಒಂದು ಮೊಳೆ ಕಳುವಾದದ್ದಿಲ್ಲ.

ಆ ವರ್ಷ ಕಾರಹುಣ್ಣಿಮೆಯ ಗದ್ದಲ ಮುಗಿದ ಮೇಲೆ ಅವನು ಹಿಂಗಾಲು ಎಳೆಯತೊಡಗಿದ. ಮೊದಲು ಚಳಿಗೆ ಎಂದುಕೊಂಡೆ. ಆಷಾಢದ ಜಿಟಿಜಿಟಿ ಮಳೆ ಹಿಡಿದುಕೊಂಡಿತು. ರೊಟ್ಟಿ ಮೂಸಿ ಬಿಡತೊಡಗಿದ. ಪಕ್ಕೆಲುಬು ಕಾಣಿಸಿದವು, ಆದರೆ ಹೊಟ್ಟೆ ಮಾತ್ರ ಒಂದು ಕಡೆ ಉಬ್ಬಿತ್ತು. ನನ್ನ ಹೆಂಡತಿ ನೀಲವ್ವ ಕೈಯಾಡಿಸಿ ನೋಡಿ, "ಒಳಗ ಗಂಟು ಐತ್ರಿ. ಮುಟ್ಟಿದ್ರ ನಡಗತಾನ" ಎಂದಳು.

ದನದ ದವಾಖಾನೆಗೆ ಅವನನ್ನು ವೀರಭದ್ರಣ್ಣನ ಕೈಗಾಡಿಯಲ್ಲಿ ಒಯ್ದೆ. ಹೊಸದಾಗಿ ಬಂದಿದ್ದ ಡಾಕ್ಟರು ಮೈಸೂರು ಕಡೆಯವರು. ನನಗಿಂತ ಹತ್ತು ವರ್ಷವಾದರೂ ಸಣ್ಣವರು. ಬಹಳ ಹೊತ್ತು ಮುಟ್ಟಿ ನೋಡಿದರು, ಬಾಯಿ ತೆರೆಸಿ ನೋಡಿದರು. ಆಮೇಲೆ ಕೈ ತೊಳೆದುಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ. ಇದಕ್ಕೆ ಔಷಧಿ ಇಲ್ಲ. ತುಂಬಾ ನೋವು ತಿಂತಾ ಇದೆ, ತೋರಿಸ್ಕೊಳ್ತಾ ಇಲ್ಲ ಅಷ್ಟೆ. ಒಂದು ಸೂಜಿ ಹಾಕಿದ್ರೆ ನಿದ್ದೆಯಲ್ಲೇ ಹೋಗ್ಬಿಡುತ್ತೆ. ನಾಳೆ ನಾಡಿದ್ದು ಅಂತ ಮುಂದೂಡಬೇಡಿ."

ಅವರು ಹೇಳಿದ ರೀತಿಯಲ್ಲಿ ಕುಂದೇನೂ ಇರಲಿಲ್ಲ. ಇವತ್ತು ಅದು ಗೊತ್ತು. ಅವತ್ತು ನನ್ನ ಕಿವಿಗೆ ಬಿದ್ದದ್ದೇ ಬೇರೆ. ಕಲಿತ ಹುಡುಗನೊಬ್ಬ ನನಗೆ ಹದ ಹೇಳಿಕೊಡುತ್ತಿದ್ದಾನೆ ಎನಿಸಿತು. ಸುತ್ತ ಎಮ್ಮೆ, ಎತ್ತು ಹಿಡಿದುಕೊಂಡು ನಿಂತವರಲ್ಲಿ ಅರ್ಧ ಜನ ನನ್ನ ಗಿರಾಕಿಗಳು. ಅವರಿಗೆಲ್ಲ ಕೇಳುವ ಹಾಗೆ ದನಿ ಏರಿಸಿದೆ.

"ನಮ್ಮ ಮನಿಯಾಗ ದುಡದಾವ್ರನ್ನ ಸಾಗಹಾಕೂ ಪದ್ಧತಿ ಇಲ್ಲರಿ ಸಾಹೇಬ್ರ. ಕಾಲು ಸೋತಾವು ಅಂತ ಸೂಜಿ ಚುಚ್ಚತಾರೇನ್ರಿ? ಅದೂ ಶ್ರಾವಣ ಬಾಗಲಿಗೆ ಬಂದೈತಿ. ಶ್ರಾವಣದಾಗ ನಮ್ಮಲ್ಲಿ ಒಂದು ಇರಿವಿ ಕೊಲ್ಲಂಗಿಲ್ಲ. ಶ್ರಾವಣ ಕಳೀಲಿ, ನೋಡೂಣು."

ನಿಂತವರಲ್ಲಿ ಇಬ್ಬರು ಮೂವರು ಹೌದೆಂದು ತಲೆಯಾಡಿಸಿದರು. ಡಾಕ್ಟರು "ಯಾವಾಗ ಬೇಕಾದ್ರೂ ಹೇಳಿಕಳಿಸಿ, ನಾನೇ ಮನೆಗೆ ಬರ್ತೀನಿ" ಎಂದು ಮುಂದಿನ ಎಮ್ಮೆಯ ಕಡೆ ತಿರುಗಿದರು.

ಮನೆಗೆ ಬಂದು ನೀಲವ್ವನಿಗೆ ಇದನ್ನೇ ಮೀಸೆ ತಿರುವುತ್ತ ಹೇಳಿದೆ. ಅವಳು ಶ್ರಾವಣ ಸೋಮವಾರ ಒಂದೂ ಬಿಟ್ಟವಳಲ್ಲ, ಉಪವಾಸ ಇದ್ದು ಸೋಮೇಶ್ವರನ ಗುಡಿಗೆ ನಡೆದೇ ಹೋಗಿ ಬರುವವಳು. ಮೆಚ್ಚುತ್ತಾಳೆ ಎಂದುಕೊಂಡಿದ್ದೆ.

"ನೀವು ಯಾವಾಗಿಂದ ಶ್ರಾವಣ ಹಿಡದ್ರಿ?" ಎಂದಳು. "ನಾನು ಈ ಮನಿಗೆ ಬಂದ ವರ್ಷ ಮೊದಲನೇ ಸೋಮವಾರ, ಇವತ್ತೊಂದಿನ ಕುಲಮಿ ಹಚ್ಚಬ್ಯಾಡ್ರಿ ಅಂದ್ರ ನನಗ ಏನಂದಿದ್ರಿ? ಕಬ್ಬಣಕ್ಕ ಯಾವ ಸೋಮವಾರ ಅಂದಿದ್ರಿ."

"ಇದು ಕಬ್ಬಣ ಅಲ್ಲ, ಜೀವ."

"ಜೀವ ಅಂತನ ಹೇಳಾಕತ್ತೇನಿ. ಪಾಪ ಬರೂದಿದ್ರ ನನಗಿರ್ಲಿ. ಡಾಕ್ಟರ್ನ ಕರೀರಿ."

ನಾನು ಹೊರಗೆ ಹೋದೆ. ಅವಳ ಮಾತು ಖರೆ ಎಂದು ಗೊತ್ತಿತ್ತು. ಆದರೆ ದವಾಖಾನೆಯಲ್ಲಿ ನಾಲ್ಕು ಜನರ ಮುಂದೆ ಆಡಿ ಬಂದ ಮಾತು ಇತ್ತಲ್ಲ, ಅದನ್ನು ನುಂಗುವುದು ನನ್ನಿಂದಾಗಲಿಲ್ಲ. ಅದರ ಕೆಳಗೆ ಇನ್ನೊಂದು ಸಂಗತಿ ಇತ್ತು, ಅದನ್ನು ನನಗೆ ನಾನೇ ಹೇಳಿಕೊಂಡಿರಲಿಲ್ಲ: ಸರದಾರನಿಲ್ಲದ ಕುಲುಮೆಯನ್ನು ನೋಡುವ ಧೈರ್ಯ ನನಗಿರಲಿಲ್ಲ.

ಶ್ರಾವಣ ಹಿಡಿಯಿತು. ಬಿಸಿಲು ಕಾಣದ ದಿನಗಳು. ಹಂಚಿನ ಸಂದಿಯಿಂದ ತಟಕು ಬೀಳುತ್ತಿತ್ತು. ಗೋಡೆ ಹಸಿ, ಇದ್ದಿಲು ಹಸಿ. ಸರದಾರ ಕುಲುಮೆಯ ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಮಲಗಿದವನು ಏಳುವುದೇ ಅಪರೂಪವಾಯಿತು. ಒಂದೇ ಮಗ್ಗುಲಲ್ಲಿ ಮಲಗಿ ಸೊಂಟದ ಮೇಲೆ ಹುಣ್ಣಾಯಿತು. ನೀಲವ್ವ ಬೇವಿನೆಲೆ ಕುದಿಸಿದ ನೀರಿನಿಂದ ತೊಳೆದು, ಅರಿಸಿನ ಎಣ್ಣೆ ಹಚ್ಚಿ, ಬೂದಿ ಬೆಚ್ಚಗೆ ಮಾಡಿ ಕೆಳಗೆ ಹರವುತ್ತಿದ್ದಳು. ಪಂಚಮಿಗೆ ಉಂಡಿ ಕಟ್ಟಿದಾಗ ಒಂದನ್ನು ಪುಡಿ ಮಾಡಿ ಅವನ ಮುಂದೆ ಇಟ್ಟಳು. ಅವಳ ಕೈ ನೆಕ್ಕಿದ, ಉಂಡಿ ಮುಟ್ಟಲಿಲ್ಲ.

ಅದೇ ವಾರ ಎರಡು ದಿನ ಮಳೆ ಬಿಡುವು ಕೊಟ್ಟಿತು. ಹೆಬ್ಬಳ್ಳಿಯ ರೈತನೊಬ್ಬನ ಗಾಲಿ ಕೆಸರಿನಲ್ಲಿ ಸಿಕ್ಕು ಹಳಿ ಜಾರಿತ್ತು, ಗೊಬ್ಬರದ ಕೆಲಸ ನಿಂತಿದೆ ಎಂದು ಓಡಿ ಬಂದ. ಒದ್ದೆ ಕುಳ್ಳಿಗೆ ಬೆಂಕಿ ಹಿಡಿಸುವುದರಲ್ಲಿ ಕಣ್ಣೆಲ್ಲ ಉರಿದು ಹೋದವು. ಅಂತೂ ಹಳಿ ಕಾಯಿತು, ಎತ್ತಿದೆವು, ಕೂರಿಸಿದೆವು, ನೀರು ಸುರಿದೆವು. ಚೊಂಯ್ ಎಂದಿತು. ಹಬೆಯೊಳಗಿಂದ ನೋಡುತ್ತೇನೆ, ಮೂರು ದಿನದಿಂದ ತಲೆ ಎತ್ತದ ಸರದಾರ ಹಿಂಗಾಲು ಎಳೆದುಕೊಂಡು ಕೆಸರಿನಲ್ಲಿ ಬರುತ್ತಿದ್ದಾನೆ. ಗಾಲಿಯ ಹತ್ತಿರ ಬಂದು ಮುಂಗಾಲ ಮೇಲೆ ನಿಂತು ಬಾಯಿ ತೆರೆದ. ಬೊಗಳು ಬರಲಿಲ್ಲ, ಗಾಳಿ ಬಂತು.

"ಅಬಾಬಾ, ಏನ ನಿಯತ್ತಪಾ ಇದರದು!" ಎಂದ ರೈತ. ಕಾಯಿ ಒಡೆದು ಮೊದಲ ಹೋಳು ಅವನಿಗೇ ಕೊಟ್ಟ. ಸರದಾರ ಬಾಯಲ್ಲಿ ಹಿಡಿದುಕೊಂಡ.

ನನ್ನ ಎದೆ ಉಬ್ಬಿತು. "ನೋಡ್ದ್ಯಾ ವೀರಭದ್ರಣ್ಣ? ಸೂಜಿ ಹಾಕತೀನಿ ಅಂದಿದ್ರು. ಇನ್ನೂ ಬದುಕೂ ಆಸೆ ಹೆಂಗೈತಿ ನೋಡು."

ವೀರಭದ್ರಣ್ಣ ಯಾವತ್ತೂ ಮಾತಿಗೆ ಮಾತು ಜೋಡಿಸುವವನು. ಅವತ್ತು ಬಗ್ಗಿ ಗಾಲಿಯ ಅರೆಕಾಲುಗಳನ್ನು ತಟ್ಟಿ ನೋಡತೊಡಗಿದ.

ಮರುದಿನದಿಂದ ನಾನು ಒಂದು ರೂಢಿ ಮಾಡಿಕೊಂಡೆ. ಬೆಳಿಗ್ಗೆ ಕುಲುಮೆ ಹೊತ್ತಿಸಿ, ಯಾವುದಾದರೂ ಕಬ್ಬಿಣದ ತುಂಡನ್ನು ಕೆಂಪಗೆ ಕಾಯಿಸಿ ಕಲ್ಲಿನ ಬಾನಿಯ ನೀರಿಗೆ ಅದ್ದುವುದು. ಆ ಸದ್ದಿಗೆ ಸರದಾರ ಕಿವಿ ನಿಮಿರಿಸುತ್ತಿದ್ದ, ಎರಡು ಮೂರು ಸಲ ತಡವರಿಸಿ ಮುಂಗಾಲ ಮೇಲೆ ಏಳುತ್ತಿದ್ದ, ನನ್ನ ತನಕ ಎಳೆದುಕೊಂಡು ಬರುತ್ತಿದ್ದ. ನೀಲವ್ವ ಗುಡಿಯಿಂದ ತಂದ ಕಾಯಿಯನ್ನು ಗೂಡಿನಲ್ಲಿ ಇಟ್ಟಿರುತ್ತಿದ್ದೆ, ಒಂದು ಹೋಳು ಕೊಡುತ್ತಿದ್ದೆ. ತಗೊಳ್ಳುತ್ತಿದ್ದ. ಮತ್ತೆ ಎಳೆದುಕೊಂಡು ಹೋಗಿ ತನ್ನ ಗೋಣಿತಟ್ಟಿನ ಮೇಲೆ ಬೀಳುತ್ತಿದ್ದ. ನನಗೆ ಅಷ್ಟು ಸಾಕಿತ್ತು. ಇವತ್ತೂ ಎದ್ದ, ಇವತ್ತೂ ತಿಂದ, ಇನ್ನೂ ಹೊತ್ತು ಬಂದಿಲ್ಲ. ಕೆಲಸಕ್ಕೆ ಹತ್ತುತ್ತಿದ್ದೆ. 

"ಸರದಾರ್ರ ಹಾಜರಿ ಆತೇನಪಾ?" ಎಂದು ವೀರಭದ್ರಣ್ಣ ಬಂದ ಕೂಡಲೇ ಕೇಳುತ್ತಿದ್ದ. ಮೊದಮೊದಲು ನಗುತ್ತ ಕೇಳಿದ. ಒಂದು ವಾರದ ಮೇಲೆ ನಗು ಬಿಟ್ಟ. ಕೊನೆಗೆ ಕೇಳುವುದನ್ನೇ ಬಿಟ್ಟ.

ನೀಲವ್ವ ಒಂದು ದಿನ ಅಡ್ಡ ನಿಂತಳು. "ದಿನಾ ಯಾಕ ಎಬ್ಬಸತೀರಿ ಅದನ್ನ? ಅದು ತನ್ನ ಜೀವಕ್ಕ ಏಳಾಕತ್ತಿಲ್ಲ. ನೀವು ಕರದ್ರಿ ಅಂತ ಏಳತೈತಿ."

"ತಿನ್ನಾಕತ್ತಾನಲ್ಲ? ತಿನ್ನೂ ಜೀವಕ್ಕ ಸೂಜಿ ಹಾಕಸ್ಲೇನು?"

"ತಿಂದದ್ದು ನೋಡೀರೇನು ನೀವು?"

ಆ ಮಾತಿನ ಮೇಲೆ ಒಂದು ಗಳಿಗೆ ನಿಂತು ಯೋಚನೆ ಮಾಡಿದ್ದರೆ ಸಾಕಿತ್ತು. ನಾನು ಸುತ್ತಿಗೆ ತಗೊಂಡೆ.

ಶ್ರಾವಣದ ಕೊನೆಯ ಸೋಮವಾರದ ಮರುದಿನ ಕುಲುಮೆಗೆ ಬಂದಾಗ ನೀಲವ್ವ ಆಗಲೇ ಅಲ್ಲಿದ್ದಳು. ಹುಣ್ಣು ತೊಳೆಯಲೆಂದು ಸರದಾರನನ್ನು ಪಕ್ಕಕ್ಕೆ ಸರಿಸಿ ಹಳೆಯ ಗೋಣಿತಟ್ಟು ಎತ್ತಿದ್ದಳು. ನನ್ನ ಅಡಿಗಲ್ಲಿನ ಮೇಲೆ, ನಾನು ದಿನಾ ಕಬ್ಬಿಣ ಬಡಿಯುವ ಜಾಗದಲ್ಲಿ, ಏನೋ ಸಾಲಾಗಿ ಇಟ್ಟಿದ್ದಳು. ಹತ್ತಿರ ಹೋಗಿ ನೋಡಿದೆ. ಕೊಬ್ಬರಿಯ ಹೋಳುಗಳು. ಕೆಲವು ಒಣಗಿ ಹಳದಿಯಾಗಿದ್ದವು, ಕೆಲವಕ್ಕೆ ಹಸಿರು ಬೂಸರು ಬಂದಿತ್ತು, ಒಂದೆರಡು ಬೆಳ್ಳಗಿದ್ದವು. ಒಂದರ ಮೇಲೂ ಹಲ್ಲಿನ ಗುರುತಿರಲಿಲ್ಲ.

"ಗೋಣಿತಟ್ಟಿನ ಕೆಳಗಿದ್ದುವು" ಎಂದಳು ನೀಲವ್ವ.

ನಾನು ಕೊಟ್ಟೆನೆಂದು ತಗೊಂಡಿದ್ದ. ನನ್ನ ಮುಂದೆ ಬೇಡವೆನ್ನಲಿಲ್ಲ. ನಾನು ಅತ್ತ ತಿರುಗಿದ ಮೇಲೆ ತನ್ನ ಮೂಲೆಗೆ ಹೋಗಿ ಮುಚ್ಚಿಟ್ಟಿದ್ದ. ದಿನಾ ಬೆಳಿಗ್ಗೆ ಆ ಸೋತ ಸೊಂಟ ಎತ್ತಿ, ಹುಣ್ಣು ನೆಲಕ್ಕೆ ಉಜ್ಜಿಕೊಂಡು, ತನಗೆ ಬೇಡದ ಒಂದು ಹೋಳಿಗಾಗಿ ನನ್ನ ತನಕ ಬಂದಿದ್ದ. ಅದನ್ನೇ ನಾನು ಬದುಕುವ ಆಸೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಕೆಂಪು ಕಬ್ಬಿಣದ ಬಣ್ಣ ನೋಡಿ ಹೊತ್ತು ಹೇಳುವವನು ನಾನು.

ಅಂಗಿ ಹಾಕಿಕೊಂಡು ದವಾಖಾನೆಗೆ ನಡೆದೆ. ಅವತ್ತೂ ಅಲ್ಲಿ ಎಮ್ಮೆ ಎತ್ತುಗಳ ಸಾಲು ಇತ್ತು, ಗುರುತಿನವರಿದ್ದರು. "ಯಾಕ ಕಲ್ಲಪ್ಪಣ್ಣ, ಶ್ರಾವಣ ಇನ್ನೂ ಐತಲ್ಲ?" ಎಂದು ಒಬ್ಬ ಕೆಣಕಿದ. ಅವನಿಗೆ ಏನು ಹೇಳಿದೆನೋ ನೆನಪಿಲ್ಲ. ಡಾಕ್ಟರ ಮುಂದೆ ನಿಂತು, "ಬರ್ರಿ ಸಾಹೇಬ್ರ. ನಂದ ತಪ್ಪಾತು" ಎಂದೆ. ಜೀವಮಾನದಲ್ಲಿ ಆ ಮಾತು ನಾನು ಆಡಿದ್ದು ಎರಡು ಮೂರು ಸಲ ಇದ್ದೀತು. ಅವರು ಹಿಂದಿನ ಮಾತು ಎತ್ತಲಿಲ್ಲ. ಕೆಲಸ ಮುಗಿಸಿ ಮಧ್ಯಾಹ್ನ ಬರುತ್ತೇನೆಂದು ಮನೆಯ ಗುರುತು ಕೇಳಿಕೊಂಡರು.

ಅವತ್ತು ಕುಲುಮೆ ಹೊತ್ತಿಸಲಿಲ್ಲ. ಅಮಾವಾಸ್ಯೆ ಬಿಟ್ಟು ಬೇರೆ ದಿನ ನನ್ನ ಕುಲುಮೆ ತಣ್ಣಗಿದ್ದದ್ದು ಅದೇ ಮೊದಲು. ಬಂದ ಗಿರಾಕಿಗಳನ್ನು ವೀರಭದ್ರಣ್ಣ ರಸ್ತೆಯಲ್ಲೇ ತಿರುಗಿಸಿ ಕಳಿಸಿದ. ಒಂದು ದಿನವಾದರೂ ಆ ಸದ್ದು ಸರದಾರನ ಕಿವಿಗೆ ಬೀಳಬಾರದು, ಒಂದು ದಿನವಾದರೂ ಅವನು ಏಳಬಾರದು ಎಂದು ನನ್ನ ಮನಸ್ಸಿನಲ್ಲಿತ್ತು. ಪಕ್ಕದಲ್ಲಿ ನೆಲದ ಮೇಲೆ ಕೂತೆ. ಹದಿಮೂರು ವರ್ಷದಲ್ಲಿ ಕೆಲಸವಿಲ್ಲದೆ ಅವನ ಪಕ್ಕ ಹಾಗೆ ಕೂತದ್ದೂ ಅದೇ ಮೊದಲು. ಅವನು ಮೂತಿ ತಂದು ನನ್ನ ಪಾದದ ಮೇಲೆ ಇಟ್ಟ. ಬಿಸಿ ಇತ್ತು.

ಡಾಕ್ಟರು ಸಾಯಕಲ್ಲಿನ ಮೇಲೆ ಮಳೆಯಲ್ಲಿ ತೋಯುತ್ತ ಬಂದರು. ಸೂಜಿ ಕುದಿಸಲು ಬೆಂಕಿ ಬೇಕೆಂದರು. ನೀಲವ್ವ ಅಡುಗೆಮನೆಯಿಂದ ಕೆಂಡದ ಶೇಗಡಿ ತಂದು ಜಗಲಿಯ ಮೇಲೆ ಇಟ್ಟಳು. ಸಣ್ಣ ಡಬ್ಬಿಯಲ್ಲಿ ನೀರು ಕುದಿಯಿತು. ಕುದ್ದು ಉಕ್ಕಿತು. ಉಕ್ಕಿದ ನೀರು ಕೆಂಡದ ಮೇಲೆ ಬಿದ್ದು ಚೊಂಯ್ ಎಂದಿತು.

ಅಷ್ಟು ಸಣ್ಣ ಸದ್ದು ಅದು. ಸರದಾರನ ಕಿವಿ ನಿಮಿರಿದವು. ಮುಂಗಾಲು ಊರಿದ. ನನ್ನ ಪಾದದ ಮೇಲಿಂದ ತಲೆ ಎತ್ತಿ, ಮೈಯೆಲ್ಲ ನಡುಗಿಸುತ್ತ ಏಳತೊಡಗಿದ.

ಎರಡೂ ತೋಳಿನಿಂದ ತಬ್ಬಿ ಹಿಡಿದೆ. "ಏಳಬ್ಯಾಡೋ ನಮ್ಮಪ್ಪಾ" ಎಂದೆ. "ಏಳಬ್ಯಾಡ. ಕೆಲಸ ಮುಗದೈತಿ."

ಕೇಳಿತೋ ಇಲ್ಲವೋ. ನನ್ನ ತೋಳಿನೊಳಗೆ ಇನ್ನೂ ಏಳಲು ನೋಡುತ್ತಿದ್ದ. ಡಾಕ್ಟರು ಬಂದು ಮೊಣಕಾಲೂರಿ ಕೂತರು. ಸ್ವಲ್ಪ ಹೊತ್ತಿನಲ್ಲಿ ಅವನ ಭಾರವೆಲ್ಲ ನನ್ನ ಮೇಲೆ ಬಂತು.

ಅಂಗಳದಲ್ಲಿ, ಗಾಲಿ ಮಲಗಿಸಿ ಹಳಿ ಏರಿಸುವ ಕಲ್ಲಿನ ಪಕ್ಕದಲ್ಲೇ ಕುಣಿ ತೋಡಿದೆ. ವೀರಭದ್ರಣ್ಣ ಸನಿಕೆ ತಗೊಳ್ಳಲು ಬಂದ, ಕೊಡಲಿಲ್ಲ. ಕೆಸರು ಮಣ್ಣು, ತೋಡಿದಷ್ಟೂ ಜಾರುತ್ತಿತ್ತು. ಕೆಲಸ ಮುಗಿದ ಮೇಲೆ ಅವನು, "ಕಲ್ಲಪ್ಪಾ, ನಾನರ ಬಾಯಿ ಬಿಟ್ಟು ಹೇಳಬೇಕಿತ್ತು" ಎಂದ. "ಹೇಳಿದಾಕಿ ಮನಿಯಾಗ ಇದ್ದಳಪಾ. ಕೇಳಲಿಲ್ಲ" ಎಂದೆ.

ಜನ ನನ್ನನ್ನು ಸಮಾಧಾನ ಮಾಡಿದರು. ನಾಯಿಗೆ ಅಷ್ಟು ಮಾಡಿದವರು ಯಾರು, ಹದಿಮೂರು ವರ್ಷ ಸಾಕಿದೆಯಲ್ಲ ಎಂದರು. ಸೂಜಿ ಹಾಕಿಸಿದ್ದಕ್ಕೆ ಮರುಗುತ್ತಿದ್ದೇನೆ ಎಂದುಕೊಂಡಿದ್ದರು. ಅದಕ್ಕೆ ನಾನು ಒಂದು ದಿನವೂ ಮರುಗಿಲ್ಲ. ಅದಕ್ಕೆ ಮೊದಲಿನ ಆ ಬೆಳಗುಗಳಿಗೆ ಮರುಗುತ್ತೇನೆ. ಅವುಗಳನ್ನು ಅವನು ನಿದ್ದೆಯಲ್ಲಿ ಕಳೆಯಬಹುದಿತ್ತು. ನನ್ನ ಮಾತು ಉಳಿಯಲೆಂದು ನನ್ನ ಕಡೆ ತೆವಳುತ್ತ ಕಳೆದ.

ಟಾಯರಿನ ಗಾಡಿಗಳು ಬಂದವು, ಹಳಿಯ ಕೆಲಸ ನಿಂತಿತು. ವೀರಭದ್ರಣ್ಣ ಹೋದ. ಕುಲುಮೆಯ ಜಾಗದಲ್ಲಿ ಈಗ ಯಾರದೋ ಅಂಗಡಿ ಇದೆ.

ತಾರಿಹಾಳದಿಂದ ಅವತ್ತು ಸಂಜೆ ಮನೆಗೆ ಬಂದು ಅಂಗಿ ಕಳಚಿ ಹಾಕಿದೆ. ಒಗೆಯಲು ತಗೊಂಡ ನೀಲವ್ವ ಅಭ್ಯಾಸದಂತೆ ಕಿಸೆಯಲ್ಲಿ ಕೈ ಹಾಕಿದಳು. ಕಾಯಿಯ ಹೋಳು ಹೊರಗೆ ಬಂತು.

"ಇದೇನ್ರಿ?"

"ಅವಾ ಕೊಟ್ಟಾ. ಪೂಜಾದ್ದು."

"ತಿನ್ನಲಿಲ್ಲೇನು?"

ನನ್ನ ಬಾಯಲ್ಲಿ ಈಗ ಕೊಬ್ಬರಿ ಅಗಿಯುವಂಥ ಹಲ್ಲಿಲ್ಲ. ಮಗ ಅಷ್ಟು ಜನರ ಮುಂದೆ ಕೈಯಲ್ಲಿ ಇಟ್ಟಾಗ ಬೇಡ ಎನ್ನಲಾಗಿರಲಿಲ್ಲ. ನೀಲವ್ವ ಆ ಹೋಳನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಅಡಿಗಲ್ಲಿನ ಮೇಲೆ ಹೋಳುಗಳನ್ನು ಸಾಲಾಗಿ ಇಟ್ಟ ದಿನದ ಹಾಗೆ, ಅದನ್ನು ನನ್ನ ಮುಂದೆ ಇಟ್ಟಳು.